ಏರು ಬಂದಾಗ ಇಳಿಯುವವರು

"ಇನ್ನು ಮುಂದೆ ಈ ಕುಶಾಲಪ್ಪ ಯಾರ ಹಿಂದೆಯೂ ಕೂರುವುದಿಲ್ಲ!"

ಐವತ್ತು ದಾಟಿದ ಮೇಲೆ ಲೈಸೆನ್ಸ್ ಸಿಕ್ಕಿದ ದಿನ ಕುಶಾಲಪ್ಪ ಅಡುಗೆಮನೆಯ ಬಾಗಿಲಲ್ಲಿ ನಿಂತು ಘೋಷಿಸಿದರು. ಹೆಂಡತಿ ನೀಲಾವತಿ ಕೊಯ್ಯುತ್ತಿದ್ದ ಬಂಗುಡೆ ಮೀನಿನಿಂದ ಕಣ್ಣೆತ್ತದೆ, "ಕೂರಿಸಿಕೊಳ್ಳುವವರು ಈಗ ಯಾರಿದ್ದಾರೆ?" ಎಂದರು.

ಅದೂ ನಿಜವೇ. ಅಳದಂಗಡಿಯಿಂದ ಬೆಳ್ತಂಗಡಿಗೆ ಹೋಗಿಬರುವ ಅವರ ನೌಕರಿಯ ಆಯುಷ್ಯವೆಲ್ಲ ಗೆಳೆಯ ಯಾಕೂಬರ ಸ್ಕೂಟರಿನ ಹಿಂದಿನ ಸೀಟಿನಲ್ಲೇ ಕಳೆದಿತ್ತು. ಯಾಕೂಬರಿಗೆ ಪೇಟೆಯಲ್ಲಿ ಬಟ್ಟೆ ಅಂಗಡಿ, ಇವರಿಗೆ ಸೊಸೈಟಿಯಲ್ಲಿ ಗುಮಾಸ್ತಿಕೆ. ಮುಂದಿನವರು ಓಡಿಸುವುದು, ಹಿಂದಿನವರು ಮಾತಾಡುವುದು. ಊರಿನ ದೊಡ್ಡ ಏರು ಬಂದಾಗ ಮಾತ್ರ ಯಾಕೂಬ್, "ಇಳಿ ಮಾರಾಯ, ಗಾಡಿ ಎಳೆಯುವುದಿಲ್ಲ" ಎನ್ನುವರು. ಕುಶಾಲಪ್ಪ ಟಪಕ್ಕನೆ ಇಳಿದು ನಡೆದು ಹತ್ತುವರು. ಮೇಲೆ ಯಾಕೂಬ್ ಕಾಯುತ್ತಿರುವರು.

ಈ ಸಲ ಮಳೆಗಾಲಕ್ಕೆ ಮೊದಲು ಯಾಕೂಬ್ ಅಂಗಡಿಯಲ್ಲೇ ಎದೆ ಹಿಡಿದುಕೊಂಡು ಕುಸಿದರು. ಮಯ್ಯತ್ತು ಮಣ್ಣು ಮಾಡಿದ ದಿನದ ಬಳಿಕ ಕುಶಾಲಪ್ಪ ಆ ಮನೆಗೆ ಹೋಗಲೇ ಇಲ್ಲ. ಸ್ಕೂಟರಿನ ಹಿಂದೆ ಕೂತು ಹೋಗುತ್ತಿದ್ದ ಅಂಗಳಕ್ಕೆ ನಡೆದು ಹೋಗಲು ಕಾಲೇ ಏಳಲಿಲ್ಲ. ಹೊಸ ಬೈಕು ತೆಗೆದುಕೊಂಡು, ತಾನೇ ಓಡಿಸಿಕೊಂಡು ಹೋಗಿ, ಯಾಕೂಬರ ಹೆಂಡತಿ ಜುಲೈಕಾರ ಎದುರು ತಲೆಯೆತ್ತಿ ನಿಲ್ಲುವುದೆಂದು ನಿಶ್ಚಯಿಸಿದರು.

ಶೋರೂಮಿನಲ್ಲಿ ವಿಮೆ ಮಾಡುವ ಅಝೀಮನನ್ನು ಹಿಡಿದು ಕೂರಿಸಿದರು.

"ತೆಂಗಿನಕಾಯಿ ಬಿದ್ದರೆ?"

"ಕೊಡ್ತೇವೆ."

"ಕಾಡುಹಂದಿ ಅಡ್ಡ ಬಂದರೆ?"

"ಅದೂ ಉಂಟು."

"ನೆರೆಗೆ ಗಾಡಿ ತೇಲಿಹೋದರೆ?"

"ಕುಶಾಲಣ್ಣ, ನೀವು ತೆಗೆದುಕೊಳ್ಳುವುದು ಬೈಕಾ, ದೋಣಿಯಾ?"

ಭೂಮಂಡಲದ ಸಕಲ ವಿಪತ್ತುಗಳಿಗೂ ವಿಮೆ ಮಾಡಿಸಿ, ಚಕ್ರದಡಿ ನಿಂಬೆಹಣ್ಣಿಟ್ಟು, ಕೀ ಹಿಡಿದ ವೀರರು ಗಂಭೀರವಾಗಿ ಬೈಕು ಹತ್ತಿ ಕೂತರು. ಹಿಂದಿನ ಸೀಟಿನಲ್ಲಿ!

"ಮುಂದೆ, ಅಣ್ಣ," ಎಂದ ಅಝೀಮ್ ಮೆಲ್ಲಗೆ.

ಜುಲೈಕಾರಿಗೆಂದು ತಂದ ಬಾಳೆಗೊನೆಯನ್ನು ಮಡಿಲಲ್ಲಿಟ್ಟುಕೊಂಡು ನೀಲಾವತಿ ಹಿಂದೆ ಕೂತರು. ದೊಡ್ಡ ಏರಿನವರೆಗೆ ಸವಾರಿ ರಾಜಗಾಂಭೀರ್ಯದಿಂದಲೇ ಸಾಗಿತು. ಏರು ಶುರುವಾಯಿತು. ಗೇರು ಇಳಿಸಲು ಮರೆತದ್ದರಿಂದ ಇಂಜಿನ್ ಒಮ್ಮೆ ನರಳಿತು. ಆ ನರಳಾಟ ಕಿವಿಗೆ ಬಿದ್ದದ್ದೇ ತಡ, ಕುಶಾಲಪ್ಪನವರ ಕಾಲು ಯಾರನ್ನೂ ಕೇಳದೆ ಟ್ಯಾಂಕನ್ನು ದಾಟಿತು. ಟಪಕ್ಕನೆ ಇಳಿದೇಬಿಟ್ಟರು!

ಬೈಕು ನೀಲಾವತಿಯವರನ್ನು, ಬಾಳೆಗೊನೆಯನ್ನು ಹೊತ್ತುಕೊಂಡು ಎರಡು ಮಾರು ಸ್ವತಂತ್ರವಾಗಿ ಚಲಿಸಿ, ರಸ್ತೆ ಬದಿಯ ತರಗೆಲೆ ರಾಶಿಗೆ ಒರಗಿತು. ಹೆಡ್‌ಲೈಟು ಒಡೆಯಿತು. ನೀಲಾವತಿಗೆ ಏನೂ ಆಗಲಿಲ್ಲ. ಬಾಯಿಗಂತೂ ಏನೇನೂ ಆಗಲಿಲ್ಲ.

"ನಿಮಗೆ ಮರ್ಲಾ, ತಲೆ ಸರಿ ಉಂಟಾ? ಓಡಿಸುವವರು ಇಳಿಯುವುದುಂಟಾ?"

ಕುಶಾಲಪ್ಪ ಅಲ್ಲಿಂದಲೇ ಅಝೀಮನಿಗೆ ಫೋನು ಹಚ್ಚಿದರು.

"ಏನು ಅಡ್ಡ ಬಂತು, ಅಣ್ಣ?"

"ಏನೂ ಬರಲಿಲ್ಲ. ನಾನು ಇಳಿದೆ."

"ಬಿದ್ದಿರಾ?"

"ಇಲ್ಲ ಮಾರಾಯ, ಇಳಿದದ್ದು. ಏರು ಬಂತಲ್ಲ!"

ಆ ಕಡೆ ಅಝೀಮ್ ಕಾಗದ ಮಗುಚುವ ಸದ್ದು. "ಹಂದಿ ಅಡ್ಡ ಬಂದಿದ್ದರೆ ಸುಲಭ ಇತ್ತು, ಅಣ್ಣ. ಇದನ್ನು ಮೇಲಿನವರಿಗೆ ಹೇಗೆ ಹೇಳುವುದು?"

ತಲೆಯೆತ್ತಿ ಹೋಗಬೇಕಾಗಿದ್ದ ಅಂಗಳಕ್ಕೆ ಕುಶಾಲಪ್ಪ ಒಂಟಿಗಣ್ಣಿನ ಬೈಕು ತಳ್ಳಿಕೊಂಡು ಹೋದರು. ಮೂಲೆಯಲ್ಲಿ ಹಳೆಯ ಸ್ಕೂಟರು ಗೋಣಿ ಹೊದ್ದು ನಿಂತಿತ್ತು. ಕತೆ ಕೇಳಿದ ಜುಲೈಕಾ ತಲೆವಸ್ತ್ರದ ಅಂಚನ್ನು ಬಾಯಿಗಿಟ್ಟು ನಕ್ಕರು. ಆಮೇಲೆ ಅದೇ ಅಂಚಿನಿಂದ ಕಣ್ಣೊರೆಸಿಕೊಂಡರು.

"ಕುಶಾಲಣ್ಣ, ಆ ಸ್ಕೂಟರಿನಲ್ಲಿ ಇವರು ಬಟ್ಟೆಯ ಮೂಟೆ ಕಟ್ಟಿ, ಮೇಲಿಂದ ನನ್ನನ್ನೂ ಕೂರಿಸಿ ಅದೇ ಏರು ಹತ್ತಿಸುತ್ತಿದ್ದರು."

"ಮತ್ತೆ ನನ್ನನ್ನು ಯಾಕೆ ಇಳಿಸಿದ್ದು?"

"ನಿಮಗೆ ಶುಗರ್ ಅಲ್ವಾ? ಡಾಕ್ಟರು ನಡೆಯಲಿಕ್ಕೆ ಹೇಳಿದ್ದರು. ನೀವು ನಡೆಯುವ ಜನವಾ? ನೀಲಾವತಿಯಕ್ಕನೇ ಬಂದು ಇವರಲ್ಲಿ ಹೇಳಿದ್ದು."

ಕುಶಾಲಪ್ಪ ಹೆಂಡತಿಯ ಕಡೆ ತಿರುಗಿದರು. ನೀಲಾವತಿ ಚಹಾದ ಲೋಟದೊಳಗೆ ಏನೋ ಹುಡುಕುತ್ತಿದ್ದರು.

ನೀಲಾವತಿಯನ್ನು ಹಿಂದೆ ಕೂರಿಸಿಕೊಂಡು ಮನೆಗೆ ಹೊರಟರೆ ದಾರಿಯಲ್ಲಿ ಇನ್ನೊಂದು ಸಣ್ಣ ಏರು. ಅದರ ಬುಡದಲ್ಲಿ ಕುಶಾಲಪ್ಪ ಬೈಕು ನಿಲ್ಲಿಸಿ, ಸ್ಟ್ಯಾಂಡು ಹಾಕಿ, ಇಳಿದು ನಡೆಯತೊಡಗಿದರು. ಮೇಲೆ ಯಾರೂ ಕಾಯುತ್ತಿಲ್ಲವೆಂದು ಗೊತ್ತಿತ್ತು. ಆದರೂ ನಡೆದರು. ಹೆಲ್ಮೆಟ್ ಇದ್ದದ್ದು ಒಳ್ಳೆಯದೇ ಆಯಿತು, ಮುಖ ಯಾರಿಗೂ ಕಾಣುತ್ತಿರಲಿಲ್ಲ.

ಅರ್ಧ ಹತ್ತಿದಾಗ ಹಿಂದಿನ ಸೀಟಿನಿಂದ ನೀಲಾವತಿಯ ಕೂಗು ಕೇಳಿಸಿತು:

"ಹೋಯ್! ನೀವು ಹತ್ತಿದ್ದು ಸರಿ, ಈ ಗಾಡಿಯನ್ನು ಯಾರು ಹತ್ತಿಸುವುದು? ಯಾಕೂಬಣ್ಣನಾ?"