ಲಗ್ನಪತ್ರಿಕೆಯ ಬಾವುಟ

ಮಗಳು ಇಂಚರಳ ಲಗ್ನಪತ್ರಿಕೆಯನ್ನು ತಮ್ಮ ಅಮೃತಹಸ್ತದಿಂದ ಕಂಪ್ಯೂಟರಿನಲ್ಲೇ ಸಿದ್ಧಪಡಿಸುವುದಾಗಿ ಹೊಳೆನರಸೀಪುರದ ವಿಜ್ಞಾನದ ಮೇಷ್ಟ್ರು ಮುರಳೀಕೃಷ್ಣ ೧೯೯೮ರಲ್ಲಿ ಘೋಷಿಸಿದರು. ಹಾಸನದ ಪ್ರೆಸ್ಸಿನವರು ಫ್ಲಾಪಿಯಲ್ಲಿದ್ದದ್ದನ್ನು ಅಚ್ಚು ಹಾಕಿದರೆ ಸಾಕು!

“ಹತ್ತು ಸಲ ತಿದ್ದುತ್ತೀರಿ. ಹಳೇದ್ಯಾವುದು, ಹೊಸದ್ಯಾವುದು ಅಂತ ಹೇಗೆ ಗೊತ್ತಾಗುತ್ತೆ?” ಎಂದಳು ಹೆಂಡತಿ ಶ್ರೀಗೌರಿ.

“ಅದನ್ನ ಕಂಪ್ಯೂಟರೇ ನೋಡ್ಕೊಳ್ಳುತ್ತೆ ಕಣೇ! ಫೈಲು ತಿದ್ದಿದ ತಕ್ಷಣ ಅದಕ್ಕೊಂದು ಬಾವುಟ ಏರುತ್ತೆ. ಫ್ಲಾಪಿಗೆ ನಕಲಾದ ತಕ್ಷಣ ಇಳಿಯುತ್ತೆ. ಮತ್ತೆ ನಕಲು ಮಾಡು ಅಂದ್ರೆ, ಬಾವುಟ ಇರೋದನ್ನ ಮಾತ್ರ ಮಾಡುತ್ತೆ.”

“ಯಾವ ಫ್ಲಾಪಿಗೆ ಹೋಯ್ತು ಅಂತ ನೋಡುತ್ತಾ?”

“ನಿನಗಿದೆಲ್ಲ ಅರ್ಥವಾಗಲ್ಲ ಬಿಡು!”

ಮೊದಲ ಪ್ರತಿ ಪ್ರೆಸ್ಸಿಗೆ ಕೊಡಬೇಕಾದ ಕೆಂಪು ಫ್ಲಾಪಿ ಸೇರಿತು. ಆಮೇಲೆ ಶ್ರೀಗೌರಿ ಪರದೆಯ ಮೇಲೆ ಓದಿ ಹೌಹಾರಿದಳು. ಸುಖಾಗಮನ ಬಯಸುವವರ ಪಟ್ಟಿಯಲ್ಲಿ ಚನ್ನರಾಯಪಟ್ಟಣದ ಗೋದಮ್ಮನ ಹೆಸರೇ ಇಲ್ಲ! ತಾಯಿಯಿಲ್ಲದ ಮುರಳಿಯನ್ನು ಎತ್ತಿ ಆಡಿಸಿ ದೊಡ್ಡವನನ್ನಾಗಿ ಮಾಡಿದ ಅಕ್ಕ. ಆಕೆ ಮುನಿಸಿಕೊಂಡರೆ ಮದುವೆಮನೆಗೆ ಕಳೆಯೇ ಇರುವುದಿಲ್ಲ.

ಮೇಷ್ಟ್ರು ಗಡಬಡಿಸಿ ಹೆಸರು ಸೇರಿಸಿದರು. ಬಾವುಟ ಏರಿತು. ಎಲ್ಲಾ ಸರಿಯಿದೆಯೇ ಎಂದು ಪರೀಕ್ಷಿಸಲು ಮೊದಲು ಒಂದು ಹಳೇ ನೀಲಿ ಫ್ಲಾಪಿಗೆ ನಕಲು ಮಾಡಿದರು. ಬಾವುಟ ಇಳಿಯಿತು! ಬಳಿಕ ಕೆಂಪು ಫ್ಲಾಪಿ ತುರುಕಿ ಅದೇ ಆಜ್ಞೆ ಕೊಟ್ಟರು. ಪರದೆಯ ಮೇಲೆ ಸೊನ್ನೆ ಬಂತು. ನಕಲಾದ ಫೈಲು ಸೊನ್ನೆ ಎಂದು ಅದರ ಅರ್ಥ. ನಮ್ಮ ಮೇಷ್ಟ್ರು ಮಾತ್ರ ತಪ್ಪು ಸೊನ್ನೆ ಎಂದುಕೊಂಡು ಮೀಸೆ ತಿರುವಿ ಹಾಸನದ ಬಸ್ಸು ಹತ್ತಿದರು.

ಐನೂರು ಪತ್ರಿಕೆ ಅಚ್ಚಾಗಿ ಬಂದ ದಿನವೇ ಗೋದಮ್ಮನೂ ಬಂದರು. ಕನ್ನಡಕ ಏರಿಸಿ ಓದಿದರು. ಮತ್ತೊಮ್ಮೆ ಓದಿದರು.

“ಮುರಳೀ, ನಾನಿನ್ನೂ ಬದುಕಿದೀನಿ ಕಣೋ.”

ಮೇಷ್ಟ್ರು ಬಾವುಟದ, ಸೊನ್ನೆಯ ಪುರಾಣವನ್ನೆಲ್ಲ ಒಪ್ಪಿಸಿದರು. ತೆಪ್ಪಗೆ ಪೆನ್ನು ಹಿಡಿದು ಐನೂರಕ್ಕೂ ಕೈಯಲ್ಲೇ ಅಕ್ಕನ ಹೆಸರು ಬರೆಯಲು ಕೂತರು. ಗೋದಮ್ಮ ಒಂದೊಂದನ್ನೂ ಓದಿ ದಾಟಿಸಿದ ಮೇಲಷ್ಟೇ ಶ್ರೀಗೌರಿ ಅದರ ಮೂಲೆಗಳಿಗೆ ಅರಿಶಿನ ಹಚ್ಚುತ್ತಿದ್ದಳು.

“ನೋಡಿ, ಇದು ನಮ್ಮ ಬಾವುಟ. ಒಳಗೇನಿದೆ ಅಂತ ನೋಡದೆ ಏರೋದಿಲ್ಲ,” ಎಂದಳು.

ಮುನ್ನೂರು ದಾಟುವಷ್ಟರಲ್ಲಿ ಮೇಷ್ಟ್ರ ಕೈ ಮರಗಟ್ಟಿತ್ತು. ಗೋದಮ್ಮ ಒಂದು ಪತ್ರಿಕೆಯನ್ನು ಎತ್ತಿ ಹಿಡಿದರು. “ಲೇ, ಇದರಲ್ಲಿ ನನ್ನ ಹೆಸರು ಎರಡು ಸಲ ಬರೆದಿದೀಯಲ್ಲೋ!”

“ಕೊಡಕ್ಕಾ, ಹೊಡೆದು ಹಾಕ್ತೀನಿ.”

“ಬೇಡ,” ಎಂದು ಗೋದಮ್ಮ ಅದನ್ನು ಮಡಚಿ ಸೆರಗಿನ ತುದಿಗೆ ಗಂಟು ಹಾಕಿಕೊಂಡರು. “ಇದು ನನ್ನ ಹತ್ರಾನೇ ಇರ್ಲಿ. ನಿನ್ನ ಕಂಪ್ಯೂಟರು ಮತ್ಯಾವಾಗ ನನ್ನ ಸೊನ್ನೆ ಮಾಡುತ್ತೋ!”