ನಲವತ್ತೆರಡು ನಿಮಿಷದ ಗಂಟೆಗೆ ದೋಣಿ ಕಟ್ಟುವವರ ಅರಿಕೆ

ನಗರದ ಕೇಂದ್ರ ಪ್ರೌಢಶಾಲೆಯ ಗೋಡೆಯನ್ನಲಂಕರಿಸಿ, ಇಡೀ ಶಾಲೆಯನ್ನು ಎಬ್ಬಿಸುವ ವಿದ್ಯುತ್ ಗಂಟೆಯವರ ಸನ್ನಿಧಾನಕ್ಕೆ,

ಮಾನ್ಯರೇ,

ತಮಗೂ, ತಮ್ಮ ತಂತಿಯನ್ನು ಹಿಡಿದಿರುವ ಪುಟ್ಟ ಹಿತ್ತಾಳೆ ಸ್ಕ್ರೂಗೂ ಅನಂತ ವಂದನೆಗಳು. ನಾನು ವೆಂಡೆಲ್ ಪ್ರೋಕಾಪ್, ಹಳೆಯ ಮಂಜುಗಡ್ಡೆ ಗೋದಾಮಿನಲ್ಲಿ ನಡೆಯುತ್ತಿದ್ದು, ಹೋದ ಜೂನ್‌ನಲ್ಲಿ ಬೀಗ ಬಿದ್ದ ಶಾಲೆಯ ಮರಗೆಲಸದ ಮೇಷ್ಟ್ರು. ಅದೂ ಸರ್ಕಾರಿ ಶಾಲೆಯೇ. ಆದರೆ ಅಲ್ಲಿ ಅಂಕಗಳಿರಲಿಲ್ಲ, ಗಂಟೆಯಿರಲಿಲ್ಲ, ಮಕ್ಕಳು ನನ್ನನ್ನು ಹೆಸರು ಹಿಡಿದೇ ಕರೆಯುತ್ತಿದ್ದರು, ಮತ್ತು ಅಡುಗೆಯವಳೂ ಸೇರಿ ಎಲ್ಲರೂ ದುಂಡಗೆ ಕೂತು ಒಪ್ಪದ ಹೊರತು ಒಂದು ಕಿಟಕಿಯನ್ನೂ ತೆರೆಯುತ್ತಿರಲಿಲ್ಲ. ಶಾಲೆ ಮುಚ್ಚುವ ಬಗ್ಗೆ ಅಹವಾಲು ಕೇಳುವ ಸಭೆಗೆ ಯಾರು ಹೋಗಬೇಕೆಂದು ಮೂರು ವಾರ ಚರ್ಚಿಸಿ, ಅತ್ತು, ಒಮ್ಮತಕ್ಕೆ ಬಂದಾಗ ಆ ಸಭೆ ಮುಗಿದು ಹತ್ತು ದಿನವಾಗಿತ್ತು. ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದವರು ನಾವು.

ನಮ್ಮ ಮಕ್ಕಳನ್ನು ಸುತ್ತಲಿನ ನಾಲ್ಕು ಶಾಲೆಗಳಿಗೆ ಹಂಚಿದರು. ನಾನು, ಏಳು ಮಕ್ಕಳು ಮತ್ತು ಅರ್ಧ ಕಟ್ಟಿದ ಒಂದು ದೋಣಿ ತಮ್ಮ ಆಶ್ರಯಕ್ಕೆ ಬಂದೆವು. ದೋಣಿ ಡೆಲ್ಫೀನ್ ಎಂಬ ಹುಡುಗಿಯದು. ಮೇ ಕೊನೆಯ ಶುಕ್ರವಾರ ಅದನ್ನು ಸರೋವರದಲ್ಲಿ ತೇಲಿಸಿದರೆ ಅವಳಿಗೆ ಶಾಲೆ ಮುಗಿಸಿದ ಪ್ರಮಾಣಪತ್ರ, ಇಲ್ಲವಾದರೆ ಇನ್ನೊಂದು ವರ್ಷ ತಮ್ಮದೇ ಸಹವಾಸ ಎಂದು ಪ್ರಾಂಶುಪಾಲೆಯವರು ಉದಾರವಾಗಿ ತೀರ್ಪಿತ್ತರು.

ದೋಣಿಯ ಮೂತಿಗೆ ಒಂದಂಗುಲ ದಪ್ಪದ ಓಕ್ ಮರದ ಪಟ್ಟಿಯನ್ನು ಬಾಗಿಸಬೇಕು. ಅದು ಹಬೆಯಲ್ಲಿ ಪೂರಾ ಒಂದು ತಾಸು ಬೇಯಬೇಕು; ತಾವಾದರೋ ನಲವತ್ತೆರಡನೆಯ ನಿಮಿಷಕ್ಕೆ ಮೊಳಗಿ, ಒಲೆ ಆರಿಸಿ, ನಮ್ಮನ್ನು ಹೊರದಬ್ಬಿ, ಶಿಸ್ತು ಕಾಪಾಡುತ್ತೀರಿ. ತಮ್ಮ ಕೃಪೆಯಿಂದ ಅರೆಬೆಂದ ಎರಡು ಪಟ್ಟಿಗಳು ಬಾಗಿಸುವಾಗ ಲಟಕ್ಕನೆ ಮುರಿದವು. ಉಳಿದದ್ದು ಒಂದೇ. "ವೆಂಡೆಲ್, ಓಕ್‌ಗೆ ಗಡಿಯಾರ ನೋಡೋಕೆ ಬರಲ್ಲ ಕಣಯ್ಯ, ಆ ಗಂಟೆಗೆ ಯಾರಾದ್ರೂ ಹೇಳಬಾರದಾ?" ಎಂದು ಡೆಲ್ಫೀನ್ ಮುರಿದ ತುಂಡು ಹಿಡಿದು ಕೇಳಿದಳು. ಆದ್ದರಿಂದ ತಾವೇ ದಯಮಾಡಿ ಇಳಿದು ಬಂದು, ಬೇಗ ಬೇಯುವಂತೆ ಮರಕ್ಕೆ ಬುದ್ಧಿ ಹೇಳಬೇಕೆಂದೂ, ನಲವತ್ತೆರಡು ನಿಮಿಷಕ್ಕೊಮ್ಮೆ ಅಲೆ ನಿಲ್ಲಿಸುವಂತೆ ಸರೋವರಕ್ಕೆ ಅಪ್ಪಣೆ ಕೊಡಬೇಕೆಂದೂ ಬೇಡಿಕೊಳ್ಳಲು ಈ ಪತ್ರ ಶುರುಮಾಡಿದ್ದೆ.

ಅಷ್ಟರಲ್ಲಿ ಮಂಗಳವಾರ ತಾವು ಎರಡು ತಾಸು ಮೌನವ್ರತ ಹಿಡಿದಿರಿ. ಗಂಟೆಯಾಗದೆ ಯಾರೂ ತರಗತಿ ಬಿಟ್ಟೇಳಲಿಲ್ಲ. ಚರಿತ್ರೆಯ ಮೇಷ್ಟ್ರು ಜೀವನದಲ್ಲಿ ಮೊದಲ ಬಾರಿಗೆ ಒಂದು ಯುದ್ಧವನ್ನು ಮುಗಿಸಿದರಂತೆ. "ಗಂಟೆಗೇನೋ ಜ್ವರ ಬಂದಿರಬೇಕು" ಎಂದರು ಪ್ರಾಂಶುಪಾಲೆ. ನಮ್ಮ ಓಕ್ ತಾಸು ಪೂರೈಸಿ, ಹೇಳಿದ ಮಾತು ಕೇಳಿ ಬಾಗಿತು. ಡೆಲ್ಫೀನ್ ಅದನ್ನು ಬಿಗಿಹಿಡಿದು ಸುಮ್ಮನೆ ಅಳುತ್ತ ನಿಂತಿದ್ದಳು. ಶುಕ್ರವಾರ ದೋಣಿ ತೇಲಿತು.

ತಮ್ಮ ಮೌನಕ್ಕೆ ಸದಾ ಋಣಿಯಾದ
ತಮ್ಮ ವಿಶ್ವಾಸಿ,
ವೆಂಡೆಲ್ ಪ್ರೋಕಾಪ್

ತಾ.ಕ.: ತಮ್ಮ ಹಿತ್ತಾಳೆ ಸ್ಕ್ರೂ ಬಿಚ್ಚಿದವರು ಯಾರೆಂದು ವಿಚಾರಣೆ ನಡೆದಿದೆಯಂತೆ. ಆ ಸ್ಕ್ರೂ ಈಗ ದೋಣಿಯ ಮೂತಿಯಲ್ಲಿ ಭದ್ರವಾಗಿದೆ. ಆ ಮಂಗಳವಾರ ಬೆಳಿಗ್ಗೆ ನಾವು ಎಂಟೂ ಮಂದಿ ದುಂಡಗೆ ಕೂತಿದ್ದೆವು. ಒಮ್ಮತಕ್ಕೆ ಒಂದು ನಿಮಿಷವೂ ಹಿಡಿಯಲಿಲ್ಲ. ಹೋದ ವರ್ಷವೇ ಇಷ್ಟು ಬೇಗ ಒಪ್ಪಿದ್ದರೆ ನಮಗೆ ತಮ್ಮ ಪರಿಚಯವೇ ಆಗುತ್ತಿರಲಿಲ್ಲ.