ಮಿಂಚುಳ್ಳಿಯ ಹಿಂದೆ ಕಂಡದ್ದು

ಕುಮಟೆಯ ವಿನೋದನಿಗೆ ಮಿಂಚುಳ್ಳಿ ಹಕ್ಕಿ ಐದು ಭಾನುವಾರ ಬೆನ್ನನ್ನೇ ತೋರಿಸಿತ್ತು. ಆರನೆಯ ಭಾನುವಾರ ಮಾವಿನಕುರ್ವೆಯ ಮಾವನ ಮನೆಯ ಹಿತ್ತಿಲಲ್ಲಿ, ಉದ್ದನೆಯ ಲೆನ್ಸಿನ ಕ್ಯಾಮೆರಾ ಹಿಡಿದು ಅವನು ಕೆಸರಿನಲ್ಲಿ ಮೊಸಳೆಯಂತೆ ಮಲಗಿದ್ದಾಗ, ಪಕ್ಕದ ಮನೆ ಮಾಸ್ತಮ್ಮನ ಬಚ್ಚಲಿನ ಗೂಟದ ಮೇಲೆ ಅದು ಬಂದು ಕೂತಿತು. ಕೊಕ್ಕಿನಲ್ಲಿ ಒದ್ದಾಡುವ ಮೀನು! ವಿನೋದ ಉಸಿರು ಬಿಗಿಹಿಡಿದು ಒಂದೇ ಒಂದು ಫೋಟೋ ತೆಗೆದ. ಹಕ್ಕಿ ಹಾರಿತು.

ಬಚ್ಚಲಿನಿಂದ ಕೂಗೆದ್ದಿತು. “ಅಯ್ಯಯ್ಯೋ! ನಾ ಮೀತಾ ಇದ್ರೆ ಫೋಟ ತೆಗೀತಾನಲ್ರೋ!”

ಅರವತ್ತೆಂಟರ ಮಾಸ್ತಮ್ಮ ಒದ್ದೆ ಸೀರೆ ಸುತ್ತಿಕೊಂಡು ಹೊರಬರುವಷ್ಟರಲ್ಲಿ ಅರ್ಧ ಕೇರಿ ನೆರೆದಿತ್ತು.

“ಹಕ್ಕಿ ಅಜ್ಜೀ, ಹಕ್ಕಿ!” ಎಂದ ವಿನೋದ.

“ಎಂತಾ? ಯಾರಿಗೋ ಹಕ್ಕಿ ಅಂಬೂದು?”

ಮಾವ ರಾಮ ನಾಯ್ಕರು ಏದುಸಿರು ಬಿಡುತ್ತ ಓಡಿಬಂದರು. “ನಮ್ಮ ಅಳಿಯ ಅಂದ್ರೆ ಅಪರಂಜಿ! ತೋರ್ಸಿ ಅಳಿಯಂದ್ರೇ, ಎಲ್ರಿಗೂ ತೋರ್ಸಿ!”

ವಿನೋದ ಹೆಮ್ಮೆಯಿಂದ ಕ್ಯಾಮೆರಾದ ಪರದೆಯಲ್ಲಿ ಫೋಟೋ ತೆರೆದು ನೋಡಿದ. ಮಿಂಚುಳ್ಳಿಯ ಕಣ್ಣಿನ ಹೊಳಪೂ ಮೂಡಿತ್ತು. ಅದರ ಹಿಂದೆ, ಲುಂಗಿ ಎತ್ತಿಕಟ್ಟಿ ಮಾಸ್ತಮ್ಮನ ಬೇಲಿ ದಾಟುತ್ತಿದ್ದ ಮಾವನೂ ಅಷ್ಟೇ ಚೆನ್ನಾಗಿ ಮೂಡಿದ್ದರು. ಕಂಕುಳಲ್ಲಿ ಮಾಸ್ತಮ್ಮನ ಕೆಂಪು ಹುಂಜ. ಅದು ಕೂಗದಂತೆ ಕೊಕ್ಕನ್ನು ಮಾವನ ಕೈ ಅದುಮಿತ್ತು.

ವಿನೋದ ಕ್ಯಾಮೆರಾವನ್ನು ಎದೆಗೆ ಅವುಚಿಕೊಂಡ. “ಇದು... ಚಲೋ ಬರ್ಲಿಲ್ಲ.”

“ಬರ್ದಿದ್ರೂ ತೋರ್ಸಿ! ನನ್ನ ಮಾನದ ಪ್ರಶ್ನೆ!” ಮಾವ ಎದೆ ತಟ್ಟಿಕೊಂಡರು.

ವಿನೋದ ಕಣ್ಣು ಮಿಟುಕಿಸಿದ, ಕೆಮ್ಮಿದ. “ಮಾವಾ, ಕೋ... ಕೋ...”

“ಎಂತಾ ಕೊಕ್ಕೊಕ್ಕೋ? ತೋರ್ಸಿ ಮಾರಾಯ್ರೆ!”

ಮಾಸ್ತಮ್ಮ ಕ್ಯಾಮೆರಾದ ಪಟ್ಟಿಗೇ ಕೈ ಹಾಕಿದಳು. ಬೇರೆ ದಾರಿ ಕಾಣದೆ ವಿನೋದ ಕಣ್ಣು ಮುಚ್ಚಿ ಗುಂಡಿ ಒತ್ತಿದ. ಆರು ಭಾನುವಾರದ ತಪಸ್ಸು ಅಳಿಸಿಹೋಯಿತು.

“ಕಂಡ್ರಾ? ಅಳಿಸ್ಬಿಟ್ಟ!” ಕೇರಿಯೇ ಕೂಗಿತು.

ಮಾವನ ಮುಖ ಕೆಂಡವಾಯಿತು. “ಥೂ! ಈಗ್ಲೇ ಕುಮಟೆಗೆ ಹೊರಡಿ! ನನ್ನ ಮನೇಲಿ ಒಂದ್ ತುತ್ತು ಅನ್ನ ಇಲ್ಲ ನಿಮ್ಗೆ!”

ಹೆಂಡತಿ ಕಲ್ಪನಾ ಅವನ ಚೀಲ ತಂದು ಕಾಲಬುಡದಲ್ಲಿ ಕುಕ್ಕಿದಳು. ವಿನೋದ ಚೀಲ ಎತ್ತಿಕೊಂಡು ನಡೆದ. ಅಂಗಳ ದಾಟುವಾಗ ಹಿಂದಿನಿಂದ ಮಾವನ ಸ್ವರ ಕೇಳಿಸಿತು.

“ಮಾಸ್ತಮ್ಮಕ್ಕಾ, ನಮ್ಮದು ತಪ್ಪಾತು, ಸಿಟ್ಟು ಬಿಡು. ಮಧ್ಯಾಹ್ನ ನಮ್ಮನೇಲೇ ಉಂಡ್ಕಂಡ್ ಹೋಗು. ಅಳಿಯ ಬಂದಾನೆ ಅಂತ ಕೋಳಿ ತಂದಿದ್ದೆ. ಅವನ ಪಾಲು ನೀನೇ ತಿನ್ನು.”

ಮಾಸ್ತಮ್ಮ ಮೂಗೊರೆಸಿಕೊಂಡಳು. “ಆತು. ಆದ್ರೆ ತೊಡೆ ತುಂಡು ನಂಗೇ ಹಾಕ್ಬೇಕು.”